ಜೀಬ್ರಾದ ಹಲ್ಲು, ನನ್ನ ಹೆಬ್ಬೆರಳು

ನೈರೋಬಿಗೆ ಬಂದ ಮೇಲೆ ನೀವೇನು ಓದಿದ್ದೀರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಗಂಡ ಔಷಧ ಕಾರ್ಖಾನೆಯಲ್ಲಿ ಮ್ಯಾನೇಜರ್. ನಾನು ಅವರ ಪರ್ಮಿಟ್ಟಿಗೆ ಅಂಟಿಕೊಂಡು ಬಂದವಳು, ಕೆಲಸಕ್ಕೆ ಸೇರುವ ಹಾಗಿಲ್ಲ. ಕನ್ನಡದವರು ಸೇರಿದ ಕಡೆಯೆಲ್ಲ ನನ್ನನ್ನು ಕೇಳುವುದು ಒಂದೇ: ನ್ಗಾರಾ ಪೇಟೆಯಲ್ಲಿ ಕರಿಬೇವು ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತೆ? ಹೇಳುತ್ತೇನೆ. ಒಂದು ಕಾಲದಲ್ಲಿ ನಾನು ಕುದುರೆಯ ಹಲ್ಲು ಅಳೆಯುತ್ತಿದ್ದವಳು ಎಂದು ಹೇಳಹೋಗುವುದಿಲ್ಲ.

ಮೈಸೂರಿನಲ್ಲಿ ಪುರಾತತ್ವದ ಪಿಎಚ್‌ಡಿ ಮಾಡುವಾಗ, ನಮ್ಮ ಪ್ರೊಫೆಸರ್ ಅಗೆಸಿದ ದಿಬ್ಬವೊಂದರಲ್ಲಿ ಸಾವಿರಾರು ವರ್ಷ ಹಳೆಯ, ಕುದುರೆಯ ಕೆಳದವಡೆ ಸಿಕ್ಕಿತ್ತು. ಅದರ ಮೊದಲ ಅರೆಯುವ ಹಲ್ಲಿನ ಮುಂದಿನ ಅಂಚು ಓರೆಯಾಗಿ ಸವೆದಿತ್ತು. ಬಾಯಿಗೆ ಕಡಿವಾಣ ಹಾಕಿದರೆ ಕುದುರೆ ಅದನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಕಚ್ಚುತ್ತದೆ. ವರ್ಷಗಟ್ಟಲೆ ಕಚ್ಚಿದರೆ ಹಲ್ಲು ಹಾಗೆ ಸವೆಯುತ್ತದೆ. ಆದ್ದರಿಂದ ಅಷ್ಟು ಹಿಂದೆಯೇ ಅಲ್ಲಿನ ಜನ ಕುದುರೆ ಏರುತ್ತಿದ್ದರು ಎಂಬುದು ಪ್ರೊಫೆಸರರ ವಾದ. ಹಾರ, ಶಾಲು, ಭಾಷಣ ಎಲ್ಲ ಆಯಿತು. ಆದರೆ ಅಳತೆ ಹಿಡಿದ ನನಗೆ ಅನುಮಾನ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರದಿದ್ದರೂ ಹೀಗೆ ಸವೆಯಬಹುದಲ್ಲ?

"ಸರ್, ಕಡಿವಾಣಾನೇ ಕಾಣದ ಪ್ರಾಣೀದು ಒಂದು ಹಲ್ಲು ನೋಡಿ, ಆಮೇಲೆ ಬರೆಯೋಣ," ಎಂದೆ.

"ಎಲ್ಲಿಂದ ತರ್ತೀಯಮ್ಮ ಅಂಥದ್ದನ್ನ? ತಂದು ತೋರಿಸು, ಆಮೇಲೆ ಮಾತಾಡು. ಅಲ್ಲೀವರೆಗೂ ಅಳತೆ ಬರ್ಕೊಂಡು ಸುಮ್ನಿರು."

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅವರಿಗೆ ಬೇಕಾದ ಹಾಗೆ ಆ ಹಲ್ಲಿನ ಅಧ್ಯಾಯ ಬರೆಯಲಿಲ್ಲ, ನನ್ನ ಪ್ರಬಂಧಕ್ಕೆ ಅವರು ಸಹಿ ಹಾಕಲಿಲ್ಲ. ಅಷ್ಟರಲ್ಲಿ ಮದುವೆಯಾಯಿತು. ಎಲ್ಲರಿಗೂ ಅನುಕೂಲವೇ ಆಯಿತು, ನನ್ನೊಬ್ಬಳನ್ನು ಬಿಟ್ಟು.

ಹೋದ ವರ್ಷ, ಕರೆನ್ ಬಡಾವಣೆಯಲ್ಲಿರುವ ಮಗಳ ಶಾಲೆಗೆ ತಂದೆತಾಯಿಯರನ್ನು ಕರೆದಿದ್ದರು. ಜೀವಶಾಸ್ತ್ರದ ಲ್ಯಾಬಿನ ಕಪಾಟಿನ ಮೇಲೆ ಧೂಳು ಹಿಡಿದ ಜೀಬ್ರಾ ತಲೆಬುರುಡೆ ಕಂಡಿತು. ಟೀಚರನ್ನು ಕೇಳಿ ದವಡೆ ಕೆಳಗಿಳಿಸಿದೆ.

"ಅಮ್ಮಾ, ಪ್ಲೀಸ್, ಎಲ್ಲಾರೂ ಲುಕಿಂಗ್!" ಮಗಳು ಕೈ ಎಳೆದಳು.

ನೋಡಿಕೊಳ್ಳಲಿ. ಅದೇ ಹಲ್ಲು, ಅದೇ ಓರೆ! ಬಯಲಲ್ಲಿ ಹುಲ್ಲು ಮೇಯ್ದುಕೊಂಡಿದ್ದು ಸತ್ತ ಪ್ರಾಣಿ. ಅದರ ಬಾಯಿಗೆ ಯಾವ ಪುಣ್ಯಾತ್ಮ ಕಡಿವಾಣ ಹಾಕಿದ್ದ? ಅಲ್ಲೇ ನಿಂತು ಅತ್ತುಬಿಟ್ಟೆ. ನಾನು ಅಂದದ್ದು ಸರಿ ಇತ್ತು, ಇಷ್ಟು ವರ್ಷವೂ ಸರಿ ಇತ್ತು. ಅಳತೆಗೆ ಪಟ್ಟಿ ಇರಲಿಲ್ಲವೆಂದು ಹಲ್ಲಿನ ಪಕ್ಕ ಹೆಬ್ಬೆರಳು ಇಟ್ಟು ಫೋಟೊ ತೆಗೆದೆ. ಉಗುರಿಗೆ ಬೆಳಗಿನ ಅರಿಶಿನ ಹತ್ತಿತ್ತು, ಅದರ ಬುಡದಲ್ಲಿ ಈಳಿಗೆಮಣೆ ಕೊಯ್ದ ಹಳೆಯ ಗೀರು.

"ಸರ್, ನೀವು ತಂದು ತೋರಿಸು ಅಂದಿದ್ದು ಸಿಕ್ಕಿದೆ. ಜೀಬ್ರಾದಲ್ಲೂ ಅದೇ ಸವೆತ," ಎಂದು ಬರೆದು ಪ್ರೊಫೆಸರಿಗೆ ವಾಟ್ಸಾಪ್ ಮಾಡಿದೆ. ಮರುದಿನ ಉತ್ತರ ಬಂತು: "ಬಹಳ ಸಂತೋಷ. ಸಫಾರಿ ಜೋರಾ? ಮಕ್ಕಳೆಷ್ಟು?"

"ಒಬ್ಬಳು ಸರ್," ಎಂದು ಬರೆದೆ. ಆ 'ಸರ್' ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ವರ್ಷ ಅವರ ಉಪನ್ಯಾಸದ ವಿಡಿಯೊ ಸಿಕ್ಕಿತು. "ಇಂಥ ಸವೆತ ಕಂಡ ಕೂಡಲೇ ಕುದುರೆ ಸವಾರಿ ಅಂದ್ಬಿಡಬಾರದು," ಎಂದು ಗಂಭೀರವಾಗಿ ಹೇಳುತ್ತಿದ್ದರು. "ಕಡಿವಾಣ ಕಾಣದ ಪ್ರಾಣಿಗಳಲ್ಲೂ ಇದು ಇರುತ್ತೆ. ನಾನು ಮೊದಲಿಂದ್ಲೂ ಇದನ್ನೇ ಹೇಳ್ತಾ ಬಂದಿದ್ದೀನಿ." ಹಿಂದಿನ ಪರದೆಯ ಮೇಲೆ ನಾನು ತೆಗೆದ ಅದೇ ಫೋಟೊ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಚಿತ್ರ: ಕೀನ್ಯಾ ಪ್ರವಾಸಿಗರೊಬ್ಬರು'. ಸಭೆಯವರು ಚಪ್ಪಾಳೆ ತಟ್ಟಿದರು. ಥೂ, ಮನುಷ್ಯನಿಗೆ ಒಂದಿಷ್ಟು ನಾಚಿಕೆ ಬೇಡವೇ?

ಹೆಗಲ ಹಿಂದಿನಿಂದ ಮಗಳು ಕೂಗಿದಳು: "ಅಮ್ಮಾ, ದಟ್ಸ್ ಯುವರ್ ಥಂಬ್!"

"ಬಿಡೇ, ಒಂದು ಫೋಟೊ ತಾನೇ, ದೊಡ್ಡೋರ ಹತ್ರ ಯಾಕೆ ಜಗಳ," ಎಂದರು ಗಂಡ, ಟಿವಿಯಿಂದ ಕಣ್ಣು ತೆಗೆಯದೆ.

ನಾನು ಬಿಡಲಿಲ್ಲ. ವಿಡಿಯೊ ಕೆಳಗೆ ಬರೆದೆ: "ಆ ಹೆಬ್ಬೆರಳು ನನ್ನದು. ನಾನು ಪ್ರವಾಸಿಯಲ್ಲ, ನಿಮ್ಮ ವಿದ್ಯಾರ್ಥಿನಿ." ಅದರ ಮೇಲೂ ಕೆಳಗೂ ಜನ ಅವರಿಗೆ ಕೈ ಮುಗಿಯುತ್ತಲೇ ಇದ್ದಾರೆ. ನನ್ನ ಮಾತಿಗೆ ಇದುವರೆಗೆ ಒಂದು ಲೈಕ್ ಬಂದಿದೆ. ಅದು ಮಗಳದು.