ಐರೋಲಿಯಲ್ಲಿ ಕಾಗೆಗೆ ಇಡ್ಲಿ

ನಮ್ಮೆಜಮಾನರ ಎದೆಗೆ ಸ್ಟೆಂಟ್ ಹಾಕಿದ ವರ್ಷ, ಬೆಳಿಗ್ಗೆ ನಡೆಯಲೇಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬಿಟ್ಟರೆ ನಾವಿರುವ ಕಟ್ಟಡಗಳ ಸೊಸೈಟಿಯೊಳಗೆ ಎರಡು ಸುತ್ತು ತಿರುಗಿ ಸೀದಾ ನಮ್ಮ ಹೋಟೆಲಿನ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಹೋಗಿ ಕೂರುವ ಆಸಾಮಿ ಅವರು. ಅದಕ್ಕೇ ನಾನು ಕ್ಯಾಮರಾದ ನೆವ ಹೇಳಿ ಐರೋಲಿ ಖಾಡಿಯ, ಅಂದರೆ ಕಡಲಿನ ಹಿನ್ನೀರಿನ, ಕಡೆಗೆ ಎಳೆದೊಯ್ಯುತ್ತಿದ್ದೆ. ಅಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ, ಕೆಸರಿನ ಮೇಲೆ, ಮರದ ಹಲಗೆಯ ದಾರಿ ಮಾಡಿದ್ದರು. ತುದಿಯಲ್ಲಿ ನಿಂತರೆ ಇಳಿತದ ನೀರಿನಲ್ಲಿ ಫ್ಲೆಮಿಂಗೊಗಳು ತಲೆ ತಗ್ಗಿಸಿ ಮೇಯುವುದು ಕಾಣುತ್ತಿತ್ತು.

ನಿಲ್ಲುವುದೆಂದರೆ ಅವರಿಗಾಗದು. ನಾನು ಲೆನ್ಸ್ ತಿರುಗಿಸುವಷ್ಟರಲ್ಲಿ ಹಿಂದೆ ಹಲಗೆ ದಡದಡ ಎನ್ನುತ್ತಿತ್ತು. ಅತ್ತ ಹೋಗಿ ಇತ್ತ ಬಂದು ಮತ್ತೆ ಫೋನು. "ತೆಂಗಿನಕಾಯಿ ಬಂತಾ? ಹಾಲಿನವ ಬಂದನಾ?" ಹಲಗೆ ಅಲುಗಿದರೆ ನನ್ನ ಫೋಟೊ ಕೆಟ್ಟಿತು. ಮೈಯೆಲ್ಲ ಉರಿಯುತ್ತಿತ್ತು.

ಒಂದು ಸೋಮವಾರ ಅವರು ಚೀಲದಿಂದ ಡಬ್ಬಿ ತೆಗೆದರು. ಒಳಗೆ ಹಿಂದಿನ ದಿನದ ಇಡ್ಲಿ. ಹೋಟೆಲಿನವರ ಬುದ್ಧಿ, ಎದುರಿಗಿರುವುದು ಹಕ್ಕಿಯಾದರೂ ಬರಿಹೊಟ್ಟೆಯಲ್ಲಿ ಕಳಿಸಬಾರದು.

"ಫ್ಲೆಮಿಂಗೊ ಇಡ್ಲಿ ತಿನ್ನುವುದಿಲ್ಲ ಮಾರಾಯ್ರೆ," ಎಂದೆ. ಅಷ್ಟರಲ್ಲಿ ಮುರಿದು ಕಟಕಟೆಯ ಮೇಲೆ ಇಟ್ಟಾಗಿತ್ತು. ಎಲ್ಲಿದ್ದವೋ, ಕಾಗೆಗಳ ದಂಡೇ ಇಳಿಯಿತು. ಆ ಗದ್ದಲಕ್ಕೆ ಹತ್ತಿರವಿದ್ದ ಫ್ಲೆಮಿಂಗೊಗಳು ಎದ್ದು ದೂರ ಹೋದವು.

"ಕರೆಯದೆಯೇ ಬಂದು ಮುಟ್ಟಿದವು ನೋಡು," ಎಂದು ಅವರು ನಕ್ಕರು. "ನನ್ನ ತಿಥಿಯ ದಿನ ನಿನಗೆ ಕಾಯುವ ಕೆಲಸ ಇಲ್ಲ."

ಕಾಗೆ ಪಿಂಡ ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತು ಎಂದು ನಂಬುವವರು ನಾವು. ಅಂಥ ಮಾತನ್ನು ತಮಾಷೆಗೆ ಆಡಿದರಲ್ಲ, ನನಗೆ ತಡೆಯಲಾಗಲಿಲ್ಲ.

"ಹೋಗಿ, ಗಲ್ಲೆಗೇ ಹೋಗಿ. ಒಂದು ಗಳಿಗೆ ನನ್ನ ಜೊತೆ ಸುಮ್ಮನೆ ನಿಲ್ಲಲಿಕ್ಕೆ ಆಗದವರು ಯಾಕೆ ಬರ್ತೀರಿ?"

ಅವರು ಡಬ್ಬಿ ಮುಚ್ಚಿದರು. ಮುಚ್ಚಿದ ಮೇಲೂ ಮುಚ್ಚಳವನ್ನು ಒತ್ತುತ್ತಲೇ ಇದ್ದರು.

"ಸುಮ್ಮನೆ ನಿಂತರೆ ಎದೆ ಹೊಡ್ಕೊಳ್ಳುವುದು ಕೇಳ್ತದೆ ಮಾರಾಯ್ತಿ," ಎಂದರು. "ಈಗ ನಿಲ್ತದಾ, ಈಗ ನಿಲ್ತದಾ ಅಂತ ಕಾಯ್ತಾ ಇರ್ತೇನೆ. ಹೋಟೆಲಿನ ಗಲಾಟೆಯಲ್ಲಿ ಅದು ಕೇಳುವುದಿಲ್ಲ."

ಇಷ್ಟು ದಿನ ಅವರ ಚಡಪಡಿಕೆಯನ್ನು ನಾನು ಹೋಟೆಲಿನ ಹುಚ್ಚು ಎಂದುಕೊಂಡಿದ್ದೆ. ಅವರು ಮಲಗಿದ ಮೇಲೆ ಅದೇ ಎದೆಯ ಸದ್ದಿಗೆ ಕಿವಿಗೊಟ್ಟು ನಾನೂ ಎಚ್ಚರವಿರುತ್ತಿದ್ದೆ. ಅದನ್ನು ಹೇಳದೆ ಲೆನ್ಸಿಗೆ ಮುಚ್ಚಳ ಹಾಕಿದೆ.

"ಜೋರಾಗಿ ಏನಾದರೂ ಮಾತಾಡಿ," ಎಂದೆ. "ಹಕ್ಕಿ ಹೋದರೆ ಹೋಗಲಿ."