ಎಮ್ಮೆಗೆ ತಂದ ಕ್ಯಾಲ್ಸಿಯಂ

ನಮ್ಮ ಮನೆಗೆ ಕ್ಯಾಲ್ಸಿಯಂ ಎಂಬ ಮಾತು ಮೊದಲು ಬಂದದ್ದು ಎಮ್ಮೆಯ ಸಲುವಾಗಿ.

ಜೈನಾಪುರದ ನಮ್ಮ ದನದ ಮನೆಯಲ್ಲಿ ಆಗ ಒಂದು ಒಳ್ಳೆಯ ಎಮ್ಮೆ ಇತ್ತು. ಈದ ಮರುದಿನ ಬೆಳಿಗ್ಗೆ ಅದು ಮೇಲೇಳಲಿಲ್ಲ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ನಾನು ಮುಖವನ್ನೂ ತೊಳೆಯದೆ ಮೋಟರ್‌ಸೈಕಲ್ ಹತ್ತಿ ಬಬಲೇಶ್ವರಕ್ಕೆ ಹೋಗಿ ದನದ ಡಾಕ್ಟರರನ್ನು ಹಿಂದೆ ಕೂಡಿಸಿಕೊಂಡು ಬಂದೆ. ಅವರು ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಅದು ನಿಧಾನವಾಗಿ ಇಳಿಯುತ್ತಿದ್ದಂತೆ ಎಮ್ಮೆಯ ಮೈ ನಡುಗಿತು, ಸಗಣಿ ಹಾಕಿತು, ಆಮೇಲೆ ಎದ್ದು ನಿಂತು ಕರುವಿನ ಕಡೆ ನೋಡಿತು.

"ಹಾಲಿನ್ಯಾಗ ಕ್ಯಾಲ್ಸಿಯಂ ಹೋಗತೈತ್ರಿ ಯಜಮಾನ್ರ," ಅಂದರು ಡಾಕ್ಟರು ಕೈ ತೊಳೆಯುತ್ತ. "ಮೇವಿನ್ಯಾಗ ಸಿಗಲಿಲ್ಲಂದ್ರ ತನ್ನ ಎಲಬಿನ್ಯಾಗಿಂದು ತಗದು ಕೊಡತೈತಿ. ತಾಯಿ ಅಂದ್ರ ಹಂಗ. ನೀವ ನೋಡಿಕೊಂಡು ಹಾಕಬೇಕು."

ಹಾಕಿದೆ. ಗುಲಾಬಿ ಬಣ್ಣದ ಔಷಧದ ದೊಡ್ಡ ಬಾಟಲಿ ತಂದು ಗೋಡೆಯ ಗೂಡಿನಲ್ಲಿ ಇಟ್ಟೆ. ಹಿಂಡಿಯಲ್ಲಿ ಬೆರೆಸುವ ಖನಿಜದ ಪುಡಿ ತಂದೆ. ನಾನು ಹೈಸ್ಕೂಲು ಮುಗಿಸಿದವನು, ಪೊಟ್ಟಣದ ಮೇಲೆ ಬರೆದದ್ದನ್ನೆಲ್ಲ ಓದಿಕೊಂಡೆ. ಡಿ ವಿಟಮಿನ್ ಇಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ರಂಜಕವೂ ಜೊತೆಗಿರಬೇಕು, ಎಂದು ಡೇರಿಯ ಕಟ್ಟೆಯ ಮೇಲೆ ಕೂತು ಮಂದಿಗೆ ತಿಳಿಸಿ ಹೇಳುತ್ತಿದ್ದೆ. ಮಂದಿ ಕೇಳುತ್ತಿದ್ದರು.

ಅದೇ ದಿನಗಳಲ್ಲಿ, ಅದೇ ಮನೆಯ ಪಡಸಾಲೆಯಲ್ಲಿ ನನ್ನ ಹೆಂಡತಿ ನಾಲ್ಕನೆಯ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ಬಾಣಂತಿಗೆಂದು ಅವಳ ತವರು ಟಿಕೋಟಾದಿಂದ ಒಂದು ಡಬ್ಬಿ ಅಂಟಿನ ಉಂಡಿ ಬಂದಿತ್ತು. ಒಣಕೊಬ್ಬರಿ, ಉತ್ತತ್ತಿ, ಅಂಟು ಹಾಕಿ ಅವಳ ತಾಯಿ ಕಟ್ಟಿದ್ದು. ಕೂಸು ನೋಡಲು ಬಂದವರಿಗೆಲ್ಲ ನಾನೇ ಹಂಚಿ ಡಬ್ಬಿ ಬರಿದು ಮಾಡಿದೆ. ಹಾಲು ಹಿಂಡುತ್ತಿದ್ದವಳು ಅವಳು, ಕ್ಯಾನಿಗೆ ಸುರಿದು ಡೇರಿಗೆ ಒಯ್ಯುತ್ತಿದ್ದವನು ನಾನು. ಉಳಿಸಿದ ಸ್ವಲ್ಪದರಲ್ಲಿ ಮಕ್ಕಳದ್ದು, ನನ್ನ ಚಹಾ ಆಗಿ, ಅವಳ ಬಟ್ಟಲಿಗೆ ಬರುವ ಹೊತ್ತಿಗೆ ಚಹಾ ಕರ್ರಗಿರುತ್ತಿತ್ತು. ಎಲುಬು ನೋಯುತ್ತವೆ ಅನ್ನುತ್ತಿದ್ದಳು. ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಡುತ್ತಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಒಂದು ಸಂಜೆ ಡೇರಿಯ ಗೆಳೆಯನೊಬ್ಬ ಎಮ್ಮೆ ನೋಡಲು ನನ್ನ ಜೊತೆ ಮನೆಗೆ ಬಂದ. ದನದ ಮನೆಗೆ ಕಾಲಿಟ್ಟರೆ ಹೆಂಡತಿ ಗೂಡಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಎಮ್ಮೆಯ ಬಾಟಲಿ, ಇನ್ನೊಂದರಲ್ಲಿ ಅದರ ಮುಚ್ಚಳ. ಮುಚ್ಚಳ ತುಟಿಯ ಹತ್ತಿರ ಇತ್ತು.

"ಏನ ಮಾಡಾಕತ್ತಿ ಬೇ?" ಅಂದೆ.

ಅವಳು ಬೆಚ್ಚಿದಳು. "ಎಲಬೆಲ್ಲಾ ಹಿಂಡಿದಂಗ ಆಗತಾವ್ರಿ. ಅವತ್ತ ಡಾಕ್ಟರ ಹೇಳಿದ್ದು ಒಳಗಿಂದ ಕೇಳಿದ್ದೆ. ನನಗೂ ಅದ ಆಗಿರಬೇಕಂತ..."

ಗೆಳೆಯ ಕಿಸಕ್ಕನೆ ನಕ್ಕ. ಆಗ ನಾನು ಸುಮ್ಮನಿದ್ದರೂ ಸಾಕಿತ್ತು. ಅವನ ಕಡೆ ತಿರುಗಿ, "ನಾಳಿಂದ ಡೇರಿಗಿ ಇನ್ನೊಂದ ಕ್ಯಾನ್ ತರಬೇಕಪಾ. ಇಕಿನೂ ಹಿಂಡೂದೈತಿ," ಅಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದು ತಿರುಗುವಷ್ಟರಲ್ಲಿ ಬಾಟಲಿ ಗೂಡಿನಲ್ಲಿತ್ತು, ಅವಳು ಇರಲಿಲ್ಲ.

ಆ ಮಾತು ಊರೆಲ್ಲ ತಿರುಗಿತು. ಗಿರಣಿಗೆ ಜೋಳ ಬೀಸಿಸಲು ಹೋದರೆ ಹೆಂಗಸರು, "ಏನಬೇ, ಎಷ್ಟ ಲೀಟರ ಕೊಡಾಕತ್ತಿ?" ಎಂದು ಕೇಳುತ್ತಿದ್ದರಂತೆ. ಮನೆಗೆ ಬಂದು ಹೇಳಿದಳು. ನಾನು ಮತ್ತೊಮ್ಮೆ ನಕ್ಕೆ. ಇದನ್ನೂ ಬರೆಯಬೇಕು.

ಮುಂದೆ ಆಸ್ಪತ್ರೆಯ ಕಡೆಯಿಂದ ಮನೆಮನೆಗೆ ಬರುವ ನರ್ಸಬಾಯಿಯೊಬ್ಬರು ತಾಯಂದಿರಿಗೆಂದು ಕ್ಯಾಲ್ಸಿಯಂ ಗುಳಿಗೆ ತಂದರು. "ಬ್ಯಾಡ್ರಿ ಅಕ್ಕಾರ," ಅಂದಳು ನನ್ನ ಹೆಂಡತಿ. "ನಮ್ಮನ್ಯಾಗ ಅದನ್ನ ಎಮ್ಮಿಗಿ ಹಾಕ್ತಾರ." ನಾನು ಅಂಗಳದಲ್ಲೇ ಹಗ್ಗ ಹೊಸೆಯುತ್ತಿದ್ದೆ. ಕೇಳಿಸಿತು. ತಲೆ ಎತ್ತಲಿಲ್ಲ.

ವರ್ಷಗಳು ಹೋದವು. ಮೊದಲು ಅವಳ ಬೆನ್ನು ಬಾಗಿತು. ಆಮೇಲೆ ಆಳೇ ಗಿಡ್ಡಾದಳು. ಬೆಣ್ಣೆಯ ಗಡಿಗೆ ತೂಗುಹಾಕಿದ ನೆಲುವಿಗೆ ಒಂದು ಕಾಲಕ್ಕೆ ಸಲೀಸಾಗಿ ಕೈ ಹಾಕುತ್ತಿದ್ದವಳಿಗೆ ಅದು ನಿಲುಕದಾಯಿತು. ನಾನು ಹಗ್ಗ ಬಿಚ್ಚಿ ನೆಲುವನ್ನು ಕೆಳಗೆ ಇಳಿಸಿ ಕಟ್ಟಿದೆ. ವಯಸ್ಸಾಯಿತು ಎಂದುಕೊಂಡೆ. ಮತ್ತೆ ನಿಲುಕದಾಯಿತು. ಮತ್ತೆ ಇಳಿಸಿದೆ. ಮೊಣಕಾಲು ಹಿಡಿದ ಮೇಲೆ ಹೊಲದ ಹಾದಿ ಬಿಟ್ಟು ಒಲೆಯ ಮುಂದಿನ ಕತ್ತಲಲ್ಲೇ ದಿನ ಕಳೆದಳು.

ಈ ಸಲದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ರೊಟ್ಟಿಯ ಬುಟ್ಟಿ ತೆಗೆದಿಡಲು ಎದ್ದು ಸುಮ್ಮನೆ ಪಕ್ಕಕ್ಕೆ ತಿರುಗಿದಳು, ಅಷ್ಟೇ. ಕುಸಿದಳು. ವಿಜಯಪುರದ ಜಲನಗರದಲ್ಲಿ ಎಲುಬಿನ ಡಾಕ್ಟರರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದರು.

"ಬಿದ್ದು ಮುರದದ್ದಲ್ರಿ ಇದು. ಮುರದು ಬಿದ್ದಾರ," ಅಂದರು. "ಹಾಲ ಕುಡೀತಾರೇನು?"

"ಮನ್ಯಾಗ ಹೈನ ಐತ್ರಿ ಸಾಹೇಬ್ರ."

"ಹೈನ ಐತಿ, ಗೊತ್ತಾತು. ಇವರು ಕುಡೀತಾರೇನು?"



ರಕ್ತ ತಪಾಸಣೆಯಲ್ಲಿ ಡಿ ವಿಟಮಿನ್ ತಳ ಕಂಡಿತ್ತು. ಸೊಂಟದ ಹತ್ತಿರ ಮುರಿದಲ್ಲಿ ಲೋಹದ ಸರಳು ಕೂಡಿಸಿದರು. ಗುಳಿಗೆ, ಹಾಲು, ಎಳ್ಳು, ಸೊಪ್ಪು, ಬೇಳೆ, ದಿನಾ ಬಿಸಿಲು ಬೇಕು ಅಂದರು. ಹೋದ ಎಲುಬು ಪೂರ್ತಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹಿಡಿದಿಟ್ಟುಕೊಳ್ಳಬೇಕು, ಇನ್ನೊಂದು ಕಡೆಯೂ ಮುರಿದರೆ ಹಾಸಿಗೆಯೇ ಗತಿ ಎಂದು ಹೇಳಿ ಕಳಿಸಿದರು. ಎಮ್ಮೆಯ ಪೊಟ್ಟಣದ ಮೇಲೆ ನಾನು ಎಂದೋ ಓದಿಕೊಂಡದ್ದರಲ್ಲಿ ಅರ್ಧ ಇದೇ ಇತ್ತು.

ಮನೆಗೆ ಬಂದ ಮೇಲೆ ಅವಳು ಗುಳಿಗೆ ಮುಟ್ಟಲಿಲ್ಲ. ಕೊಟ್ಟರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಹಿಡಿದು ನಡೆಯಲು ತಂದ ಕಬ್ಬಿಣದ ಚೌಕಟ್ಟು ಮೂಲೆಯಲ್ಲಿ ನಿಂತಿತ್ತು. ಹೀಗೇ ಆದರೆ ಅವಳು ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಹಾಲು ಹಿಂಡಿ, ಕಾಯಿಸಿ, ಲೋಟ ತಂದು, ಮಂಚವನ್ನು ಅಂಗಳದ ಬಿಸಿಲಿಗೆ ಎಳೆದು ಬಳಿಯಲ್ಲಿ ಕೂತೆ.

"ತಪ್ಪಾತು," ಅಂದೆ. "ಅವತ್ತ ಮಂದಿ ಮುಂದ ಹಂಗ ಅನಬಾರದಿತ್ತು. ನೀ ಒಂದ ಮುಚ್ಚಳ ಕುಡದದ್ದಕ್ಕ ಏನ ಹೋಗಿತ್ತು ನಂದು?"

ಅವಳು ಮುಖವನ್ನು ನನ್ನ ಕಡೆ ತಿರುಗಿಸಿದಳು.

"ನಾ ಕುಡದಿರಲಿಲ್ರಿ," ಅಂದಳು. "ಬಾಯಿ ತನಕ ಒಯ್ದಿದ್ದೆ, ನೀವ ಬಂದ್ರಿ. ನೀವ ನಗಾಕತ್ತಾಗ ತಿರುಗಿ ಬಾಟ್ಲಿಗೇ ಹಾಕಿದೆ. ಎಮ್ಮಿಗಿ ಕಡಿಮಿ ಆಗಬಾರದಂತ."

ಇಷ್ಟು ವರ್ಷ ಊರು ನಕ್ಕದ್ದು ಅವಳು ಕುಡಿಯದ ಔಷಧಕ್ಕೆ.

ಅವಳೇ ಕೈ ಚಾಚಿ ಗುಳಿಗೆ ತೆಗೆದುಕೊಂಡು ನೀರಿನ ಜೊತೆ ನುಂಗಿದಳು. ನಾನು ಹಾಲಿನ ಲೋಟ ಮುಂದೆ ಹಿಡಿದೆ. ಅದನ್ನು ನೋಡಿ, ಹಿಂದಿನ ಅಭ್ಯಾಸದ ದನಿಯಲ್ಲೇ, ಸಿಟ್ಟಿಲ್ಲದೆ ಅಂದಳು: "ಡೇರಿಗಿ ಹೊತ್ತಾತು. ಅದನ್ನೂ ಕ್ಯಾನಿಗಿ ಹಾಕ್ರಿ."

ಹಾಕಲಿಲ್ಲ. ಅವಳು ಕುಡಿಯಲೂ ಇಲ್ಲ. ಲೋಟ ಹಿಡಿದುಕೊಂಡು ಕೂತೇ ಇದ್ದೆ, ಹಾಲು ಆರಿ ಮೇಲೆ ಕೆನೆ ಕಟ್ಟುವವರೆಗೆ.