ಗಾಜಿನ ಜಾತಕ ಓದುವವರು

ಬೊಹೀಮಿಯದ ಗಾಜಿನ ಊರುಗಳಲ್ಲಿ ಕಾರ್ಖಾನೆಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಓತಾಕರ್ ವ್ರಾನಾ. ಗಾಜಿಗೆ ಲೇಸರ್ ಬೆಳಕು ತಾಗಿಸಿ, ಅದು ಚದುರಿ ಬಂದಾಗ ಪರದೆಯ ಮೇಲೆ ಮೂಡುವ ಗೆರೆಗಳನ್ನು ನೋಡಿ, ಆ ಗಾಜು ಎಷ್ಟು ಬೇಗ ತಣಿಯಿತು, ಒಳಗೆ ಎಲ್ಲಿ ಬಿಗಿತ ಉಳಿಯಿತು ಎಂದು ಹೇಳುವುದು ಅವರ ಕೆಲಸ. ಯಂತ್ರ ಆರಿಸಿದರೂ ಅವರ ಕಣ್ಣು ಆರುವುದಿಲ್ಲ. ಮದುವೆಯಲ್ಲಿ ಎಲ್ಲರೂ ವಧೂವರರ ಆರೋಗ್ಯಕ್ಕೆಂದು ಲೋಟ ಎತ್ತಿದರೆ ಇವರು ಲೋಟದ ಆರೋಗ್ಯ ವಿಚಾರಿಸುತ್ತಾರೆ. ಬಿಯರ್ ಅಂಗಡಿಯಲ್ಲಿ ಮಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು, "ಆತುರಗಾರನಿಗೆ ಬುದ್ಧಿ ಮಟ್ಟ!" ಎಂದು ನಿಟ್ಟುಸಿರಿಡುತ್ತಾರೆ. "ನೊರೆ ಇಳ್ದೋಗ್ತಿದೆ ಸ್ವಾಮಿ, ಮೊದ್ಲು ಕುಡೀರಿ, ಜಾತಕ ಆಮೇಲೆ ನೋಡೀರಂತೆ," ಎನ್ನುತ್ತಾಳೆ ಅಂಗಡಿಯ ಬ್ಲಾಂಕಾ. ಕುಲುಮೆಯವರಿಗಂತೂ ಇವರನ್ನು ಕಂಡರೆ ಮೈಯುರಿ. ಬಿಸಿ ಗಾಜನ್ನು ನಿಧಾನವಾಗಿ ತಣಿಸುವ ಗೂಡಿನಿಂದ ಅರ್ಧ ಗಂಟೆ ಮೊದಲೇ ತೆಗೆದ ಹೂದಾನಿಯನ್ನೂ ಇವರು ಪತ್ತೆ ಹಚ್ಚಿ, "ಯಾಕ್ರಪ್ಪಾ, ಗಾಜು ಬಾಯಿ ಬಿಡಲ್ಲ ಅಂದ್ಕೊಂಡ್ರಾ?" ಎಂದು ಕೇಳುತ್ತಾರೆ. ಅಂಥವರ ಮೇಜಿನ ಮೇಲೆ ಪೆನ್ಸಿಲ್ ಹಾಕಿಡುವ ಹಸಿರು ಗಾಜಿನ ಲೋಟವೊಂದಿದೆ. ಅದರ ಜಾತಕ ಹೇಗಿದೆ ಎಂದು ಒಮ್ಮೆ ಕುತೂಹಲ ತಡೆಯದೆ ಕೇಳಿದೆ. "ಇಷ್ಟು ಕೆಟ್ಟದ್ದು ನಾನು ಇನ್ನೊಂದು ನೋಡಿಲ್ಲ," ಎಂದರು. "ಇಡೀ ದಿನ ಗೂಡಲ್ಲಿ ಇರ್ಬೇಕಾಗಿದ್ದನ್ನ ಬೇಗ ಎಳ್ಕೊಂಡು ಮನೆಗೆ ಓಡಿದಾನೆ, ಕುಲುಮೇಲಿ ಕೆಲ್ಸಕ್ಕಿದ್ದ ನಮ್ಮಪ್ಪ. ಇನ್ನೂ ಒಡೆದಿಲ್ಲ ಅನ್ನೋದೇ ಆಶ್ಚರ್ಯ." "ಹಾಗಾದ್ರೆ ಅವರೂ ಆತುರಗಾರರೇ?" ಎಂದೆ. "ಒಂದೇ ಒಂದು ದಿನ," ಎಂದು ಪೆನ್ಸಿಲುಗಳನ್ನು ಸುರಿದು ಲೋಟವನ್ನು ಬೋರಲು ಮಾಡಿ ತೋರಿಸಿದರು. ತಳದಲ್ಲಿ ಅವರಪ್ಪ ಗೀಚಿದ ತಾರೀಖಿತ್ತು. ಓತಾಕರ್ ಹುಟ್ಟಿದ್ದು ಅಂದೇ.